ಫ್ಯಾನ್ ಇಲ್ಲದ ಲ್ಯಾಪ್‌ಟಾಪು

ಎರಡು ಕೋರಿನ ಲ್ಯಾಪ್‌ಟಾಪ್ ತಗೊಳ್ಳಲೋ ನಾಲ್ಕು ಕೋರಿನದೋ ಎಂದು ಕೇಳಿದೆಯಲ್ಲ ಬ್ರಾಹ್ಮಿ, ಅದಕ್ಕೆ ನಿನ್ನ ಯಶೋಧರ ತಾತನ ವಿಷಯ ಹೇಳಬೇಕು. ಬರೆದುಕೋ. ನಾನು ಹೇಳಿದ ಹಾಗೇ ಬರೆ ಮಗಾ, ತಿದ್ದಬೇಡ.

ಯಶೋಧರ ನನ್ನ ಮೈದುನ. ನಾನು ಹಳೇಬೀಡಿನ ಈ ಮನೆಗೆ ಸೊಸೆಯಾಗಿ ಬಂದಾಗ ಇನ್ನೂ ಚಡ್ಡಿ ಹಾಕುತ್ತಿದ್ದ. ನೀರು ಸೋಸದೆ ಕುಡಿಯುವವನಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ. ಅದೆಲ್ಲ ನಮ್ಮ ಜೈನರ ಮನೆಗಳಲ್ಲಿ ಇದ್ದದ್ದೇ, ಅವನದು ಒಂದು ಕೈ ಹೆಚ್ಚು. ಮಳೆಗಾಲದ ಚಾತುರ್ಮಾಸ ಬಂತೆಂದರೆ ಸಂಜೆಯ ಮೇಲೆ ಅವನ ಕೋಣೆಯಲ್ಲಿ ದೀಪವಿಲ್ಲ. ಬೆಳಕಿಗೆ ಹುಳ ಬಂದು ಸಾಯುತ್ತವೆ ಎಂದು ನಮ್ಮತ್ತೆ ಹಿಡಿದಿದ್ದ ವ್ರತ. ಅವರು ಹೋದ ಮೇಲೆ ಇವನು ಹಿಡಿದ. ಕತ್ತಲಲ್ಲಿ ಬಾಗಿಲಿಗೆ ಹಣೆ ಬಡಿದುಕೊಂಡು, "ಏನಿಲ್ಲ ಅತ್ತಿಗೆ, ಮಲಕ್ಕೊಳ್ಳಿ" ಎನ್ನುತ್ತಿದ್ದ. ಮದುವೆಯೂ ಆಗಲಿಲ್ಲ. ಹೆಣ್ಣು ನೋಡಲು ಅರೇಹಳ್ಳಿಗೆ ಹೋದಾಗ ಇರುವೆ ಸಾಲು ದಾಟುವವರೆಗೆ ಬಾಗಿಲಲ್ಲೇ ನಿಂತನಂತೆ. ತಂದಿಟ್ಟ ಕಾಫಿ ಆರಿತು, ಹೆಣ್ಣಿನ ಮನೆಯವರು ಅದನ್ನು ಹಾಗೇ ಒಳಕ್ಕೆ ಒಯ್ದರು. ಅದಿರಲಿ, ಎಲ್ಲಿದ್ದೆ ನಾನು?

ಹೊಟ್ಟೆಪಾಡಿಗೆ ದೇವಸ್ಥಾನದ ಗೇಟಿನ ಹತ್ತಿರ ಬಂದವರ ಫೋಟೋ ತೆಗೆಯುತ್ತಿದ್ದ. ಪಕ್ಕದಲ್ಲೇ ಜಾವಗಲ್ಲಿನ ಸಣ್ಣಯ್ಯ ಎಳನೀರು ಮಾರುತ್ತಿದ್ದ. "ಏನ್ಲಾ ಯಶೋದರ, ಇವತ್ತೆಷ್ಟು ಇರುವೆ ಉಳಿಸ್ದೆ?" ಎನ್ನುವನು. "ನೀನು ತುಳೀದೆ ಬಿಟ್ಟಷ್ಟು ಕಣೋ" ಎನ್ನುವನು ಇವನು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಫೋಟೋ ಯಾರಿಗೆ ಬೇಕು? ಇವನು ಮದುವೆ ವಿಡಿಯೋಕ್ಕೆ ಇಳಿದ. ಅದನ್ನು ಕತ್ತರಿಸಿ ಜೋಡಿಸಲು ಲ್ಯಾಪ್‌ಟಾಪ್ ಬೇಕಾಯಿತು. ಅತ್ತಿಗೆ ಬಾರದೆ ಒಂದು ಟವೆಲ್ಲನ್ನೂ ಕೊಳ್ಳದವನು, ಅರಸೀಕೆರೆಗೆ ನನ್ನನ್ನೂ ಕರೆದುಕೊಂಡು ಹೋದ.

ಅಂಗಡಿಯ ಹುಡುಗ ರಘುರಾಮ್ ಎರಡನ್ನು ತೆಗೆದಿಟ್ಟ. "ಅಮ್ಮಾ, ಎರಡು ಕೋರ್ ಅಂದ್ರೆ ಅಡುಗೆಮನೇಲಿ ಇಬ್ಬರಿದ್ದಂಗೆ. ನಾಲ್ಕು ಕೋರ್ ಅಂದ್ರೆ ನಾಲ್ವರು. ದಿನಾ ಉಪ್ಪಿಟ್ಟಿಗೆ ಇಬ್ಬರು ಸಾಕು. ವಿಡಿಯೋ ಅಂದ್ರೆ ಮದುವೆ ಅಡುಗೆ."

"ನಾಲ್ವರು ಸೇರಿದ್ರೆ ಜಗಳ ಜಾಸ್ತಿ ಕಣಪ್ಪ" ಎಂದೆ.

"ಬಿಸಿ ಜಾಸ್ತಿ, ಅದಕ್ಕೇ ಕೆಳಗೆ ಫ್ಯಾನ್ ಇದೆ. ಇನ್ನೊಂದು ತಣ್ಣಗಿರತ್ತೆ, ಫ್ಯಾನೇ ಇಲ್ಲ. ಆದ್ರೆ ನಿಧಾನ."

ಯಶೋಧರ ನಾಲ್ಕು ಕೋರಿನದನ್ನು ಮಗುಚಿ ಹಿಡಿದು ಫ್ಯಾನಿನ ಸೀಳುಗಳನ್ನು ನೋಡಿದ. "ಇದರೊಳಕ್ಕೆ ಹುಳ ಹೋದ್ರೆ?"

"ಹುಳ ಸಾಯತ್ತೆ ಅಷ್ಟೇ ಸಾರ್, ಲ್ಯಾಪ್‌ಟಾಪಿಗೇನಾಗಲ್ಲ" ಎಂದು ಹುಡುಗ ನಕ್ಕ.

ಮುಗಿಯಿತು. ಇವನು ಅದನ್ನು ಮೆಲ್ಲಗೆ ಕೆಳಗಿಟ್ಟು ಎರಡು ಕೋರಿನದನ್ನು ಎತ್ತಿಕೊಂಡ. ಬಸ್ಸಿನುದ್ದಕ್ಕೂ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ.

ನಿಧಾನವೇ ಆದರೂ ಕೆಲಸ ನಡೆಯುತ್ತಿತ್ತು. ಜನಕ್ಕೂ ಅವಸರವಿರಲಿಲ್ಲ. ಹೀಗಿರುವಾಗ ಸಣ್ಣಯ್ಯನ ಮಗಳು ಗಾನವಿಯ ಮದುವೆ ಬಂತು. ಸಣ್ಣಯ್ಯನ ಹೆಂಡತಿ ಬಸಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆ. ಅವಳು ಕಣ್ತುಂಬ ನೋಡಲಿ ಎಂದೇ ಅವಸರದಲ್ಲಿ ಮಾಡಿದ ಮದುವೆ. ಆದರೆ ಹಿಂದಿನ ದಿನ ನೋವು ಹೆಚ್ಚಾಗಿ ಹಾಸನದ ಆಸ್ಪತ್ರೆಗೆ ಸೇರಿಸಿದರು. ಧಾರೆಯ ಹೊತ್ತಿಗೆ ತಾಯಿ ಅಲ್ಲಿ, ಮಗಳು ಇಲ್ಲಿ. ಯಶೋಧರ ಹೊಸ ಕ್ಯಾಮೆರಾದಲ್ಲಿ ಎಲ್ಲವನ್ನೂ ಹಿಡಿದಿಟ್ಟ. ಆಷಾಢದಲ್ಲಿ ಬೇರೆ ಮದುವೆಗಳಿರುವುದಿಲ್ಲ, ಆಗ ನಿಧಾನವಾಗಿ ಜೋಡಿಸಿಕೊಟ್ಟರಾಯಿತು ಎಂದುಕೊಂಡ.

ಆಷಾಢಕ್ಕೆ ಹೊಸ ಮದುವಣಗಿತ್ತಿ ತವರಿಗೆ ಬರಬೇಕಲ್ಲ. ಗಂಡನ ಬೈಕಿನಲ್ಲಿ ಬರುತ್ತಿದ್ದ ಆ ಮಗುವಿಗೆ ಲಾರಿ ಹೊಡೆಯಿತು. ಗಂಡ ಉಳಿದ. ಅವಳು ತವರಿಗೆ ಬಂದದ್ದು ಬಿಳಿ ಬಟ್ಟೆಯಲ್ಲಿ. ಬಸಮ್ಮ ಆಗ ಮನೆಯಲ್ಲೇ ಇದ್ದಳು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿದ್ದರು.

ತಿಥಿ ಮುಗಿಸಿ ಸಣ್ಣಯ್ಯ ನಮ್ಮ ಜಗುಲಿಗೆ ಬಂದ. "ಯಶೋದರ, ಮದ್ವೆ ನೋಡ್ಬೇಕು ಅಂತಾಳೆ ಕಣೋ. ಗ್ಯಾನ ಬತ್ತದೆ, ಹೋಯ್ತದೆ. ಇರೋವಾಗ ಒಂದ್ಸಲ ತೋರ್ಸಿಬಿಡು."

ಯಶೋಧರ ಅಂದೇ ಲ್ಯಾಪ್‌ಟಾಪ್ ಹಿಡಿದು ಜಾವಗಲ್ಲಿಗೆ ಹೊರಟ. ನಾನೂ ಹೋದೆ. ಹೊಸ ಕ್ಯಾಮೆರಾದ ಚಿತ್ರ ಬಲು ದೊಡ್ಡದಂತೆ, ಆ ಯಂತ್ರಕ್ಕೆ ಎಳೆಯಲಾಗಲಿಲ್ಲ. ಗಾನವಿ ಹಸೆಮಣೆಗೆ ನಡೆದು ಬರುತ್ತಾಳೆ, ಕಾಲೆತ್ತಿದವಳು ಹಾಗೇ ನಿಂತುಬಿಡುತ್ತಾಳೆ, ಮುಖ ಚೂರುಚೂರಾಗುತ್ತದೆ. ವಾಲಗ ಮಾತ್ರ ಕೇಳುತ್ತಿದೆ. ಬಸಮ್ಮ ದಿಂಬಿನಿಂದ ತಲೆಯೆತ್ತಿ, "ಯಾಕೆ ನಿಂತೋದ್ಲು? ನಡಿಯವ್ವಾ, ನಡಿ" ಎಂದಳು. ಯಶೋಧರ ಲ್ಯಾಪ್‌ಟಾಪ್ ಮುಚ್ಚಿಬಿಟ್ಟ.

ಪೂರ್ತಿ ಸಿದ್ಧಮಾಡಿ, ಟಿವಿಯಲ್ಲಿ ಓಡುವಂತೆ ಪೆನ್‌ಡ್ರೈವಿಗೆ ಹಾಕಿಕೊಂಡು ತರುತ್ತೇನೆ ಎಂದ. ಬರೀ ತಾಳಿ ಕಟ್ಟುವುದಷ್ಟನ್ನೇ ಮಾಡಿಕೊಡು, ಬೇಗ ಆಗುತ್ತದೆ ಎಂದು ನಾನು ಹೇಳಿದೆ. "ಅರಿಶಿನದಿಂದ ಹಿಡಿದು ಕಳಿಸಿಕೊಡೋವರೆಗೂ ನೋಡ್ಬೇಕು ಅಂದಿದಾರೆ ಅತ್ತಿಗೆ. ತಾಯಿಗೆ ಅರ್ಧ ಮದುವೆ ತೋರಿಸೋದೇ?" ಎಂದ. ಬೇಲೂರಿನಲ್ಲಿ ವಿಡಿಯೋ ಜೋಡಿಸುವ ದೊಡ್ಡ ಕಂಪ್ಯೂಟರ್ ಇಟ್ಟವನೊಬ್ಬನಿದ್ದ. ಆಷಾಢವೆಂದು ಅಂಗಡಿಗೆ ಬೀಗ ಹಾಕಿ ಎಲ್ಲಿಗೋ ಹೋಗಿದ್ದ.

ಬೆಳಕು ಹರಿದೊಡನೆ ಕೆಲಸಕ್ಕೆ ಹಚ್ಚಿದ. ಇಬ್ಬರೇ ಅಡುಗೆಯವರು, ಮದುವೆಯಡುಗೆ. ಬಿಸಿಯಾದಷ್ಟೂ ಇನ್ನೂ ನಿಧಾನ. ಹೊತ್ತು ಮುಳುಗುವಾಗ ಮುಕ್ಕಾಲು ಆಗಿತ್ತು. ಚಾತುರ್ಮಾಸ ಹಿಡಿದಿತ್ತು, ಮಳೆ ಬಿಟ್ಟು ಹುಳಗಳು ಏಳುತ್ತಿದ್ದವು. ಕಿಟಕಿ ಹಾಕಿದರೂ ಹೆಂಚಿನ ಸಂದಿಯಿಂದ ಬರುತ್ತವೆ. ಅವನು ಬೆಳಕು ಆರಲೆಂದು ಲ್ಯಾಪ್‌ಟಾಪಿನ ಪರದೆ ಮುಚ್ಚಿದ. ಮುಚ್ಚಿದರೆ ಕೆಲಸ ನಿಂತು ಅದೂ ಮಲಗಿಬಿಡುತ್ತದೆ. ಬೆಳಿಗ್ಗೆ ತೆರೆದರೆ ಮತ್ತೆ ಮೊದಲಿನಿಂದ. ಮಾರನೆಯ ದಿನವೂ ಹೊತ್ತು ಮುಳುಗುವಾಗ ಮುಕ್ಕಾಲೇ.

ಆ ಸಂಜೆ ಪರದೆ ಮುಚ್ಚುವ ಮೊದಲೇ ಸಣ್ಣಯ್ಯ ಫೋನು ಮಾಡಿದ. ಬೈಯಲಿಲ್ಲ. "ಇವತ್ತು ನನ್ನ ಹೆಸರು ಹಿಡಿದು ಕರೆದ್ಲು ಕಣೋ, ಗ್ಯಾನ ಚೆನ್ನಾಗೈತೆ. ನಾಳಿಕ್ ಹೆಂಗೋ" ಎಂದನಂತೆ. ಯಶೋಧರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಏನು ಮಾಡಿದ ಎಂದು ನನಗೆ ಗೊತ್ತಾದದ್ದು ಬೆಳಿಗ್ಗೆ, ಕಸ ಗುಡಿಸಲು ಅವನ ಕೋಣೆಗೆ ಹೋದಾಗ. ಪರದೆ ತೆರೆದೇ ಇತ್ತು. ಕೀಲಿಗಳ ನಡುವೆ, ಮೇಜಿನ ಮೇಲೆ, ನೆಲದಲ್ಲೆಲ್ಲ ಈಸಲು ಹುಳಗಳು, ಉದುರಿದ ರೆಕ್ಕೆಗಳು. ಅವನು ಮೆತ್ತನೆಯ ಬಟ್ಟೆ ಹಿಡಿದು, ಜೀವವಿದ್ದವನ್ನು ಬೇರೆ, ಇಲ್ಲದವನ್ನು ಬೇರೆ ಮಾಡುತ್ತಿದ್ದ. ಜೀವವಿದ್ದವು ಕಡಿಮೆ.

"ಆಯ್ತು ಅತ್ತಿಗೆ, ಹೊರಡೋಣ" ಎಂದ.

ಟಿವಿಯಲ್ಲಿ ಸೊಗಸಾಗಿ ಓಡಿತು. ಎಲ್ಲೂ ನಿಲ್ಲಲಿಲ್ಲ. ಗಾನವಿ ಹಸೆಮಣೆಗೆ ನಡೆದು ಬಂದಳು, ನಾಚಿಕೊಂಡು ನಮ್ಮ ಕಡೆಗೇ ನೋಡಿದಳು. ಬಸಮ್ಮನನ್ನು ಸಣ್ಣಯ್ಯ ಎದೆಗೆ ಒರಗಿಸಿ ಕೂರಿಸಿಕೊಂಡಿದ್ದ. ಅವಳು ಕಣ್ಣು ಕೀಳದೆ ನೋಡಿದಳು.

"ಯಾರ ಮನೆ ಹುಡುಗಿ ಅದು? ಲಕ್ಷಣವಾಗವ್ಳೆ."

"ನಮ್ಮನೇದೇ ಕಣೇ, ಗಾನವಿ" ಎಂದ ಸಣ್ಣಯ್ಯ.

"ಸುಳ್ಳೇಳ್ಬೇಡ" ಎಂದಳು ಬಸಮ್ಮ. "ನಮ್ ಗಾನವಿ ಆಷಾಢಕ್ಕೆ ಬತ್ತಾವ್ಳೆ. ಒಬ್ಬಟ್ಟಿಗೆ ಬೇಳೆ ನೆನೆಹಾಕು."

ಮತ್ತೆ ಅವಳಿಗೆ ಜ್ಞಾನ ತಿಳಿಯಾಗಲಿಲ್ಲ. ಆ ವಾರದಲ್ಲೇ ಹೋದಳು. ಸಣ್ಣಯ್ಯ ಈಗಲೂ ಗೇಟಿನ ಹತ್ತಿರ ಕೂರುತ್ತಾನೆ. ಇಬ್ಬರೂ ಮಾತಾಡುತ್ತಾರೆ. ಇರುವೆ ಲೆಕ್ಕ ಮಾತ್ರ ಯಾರೂ ಕೇಳುವುದಿಲ್ಲ.

ಮದುವೆ ತೋರಿಸಿದ ಆ ದಿನ ಹಿಂದಿರುಗುವಾಗ ಬಸ್ಸಿನಲ್ಲಿ ಯಶೋಧರ, "ಫ್ಯಾನ್ ಇರೋದನ್ನೇ ತಗೋಬೇಕಿತ್ತು ಅತ್ತಿಗೆ" ಎಂದ.

"ಹುಳ ಸಾಯ್ತಿದ್ವಲ್ಲ ಯಶೋಧರ" ಎಂದೆ.

"ಈಗೇನು, ಉಳಿದವಾ?"

ಅವನ ಅಂಗಿತೋಳಿಗೆ ಈಸಲಿನ ರೆಕ್ಕೆಯೊಂದು ಅಂಟಿಕೊಂಡಿತ್ತು. ಬಿಡಿಸಿ ಕಿಟಕಿಯಾಚೆ ಬಿಡಲು ಹೋದವನು, ಯಾಕೋ ಬಿಡದೆ, ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಹಳೇಬೀಡು ಬರುವವರೆಗೂ ಕೂತಿದ್ದ.