ಬಿದ್ದವರನ್ನು ಕಾಯುವ ಬ್ಯಾಂಡ್

ನಮ್ಮ ಅತ್ತಿಗೆ ಕೆಲಸಕ್ಕಿದ್ದ ಕಂಪನಿ ಮುಂಗೈಗೆ ಕಟ್ಟುವ ಬ್ಯಾಂಡ್ ತಯಾರಿಸುತ್ತಿತ್ತು. ತಯಾರಿಸುತ್ತಿತ್ತು ಅನ್ನುವುದೂ ದೊಡ್ಡ ಮಾತೇ. ವಯಸ್ಸಾದವರು ಮನೆಯಲ್ಲಿ ಬಿದ್ದರೆ ಅದು ತಾನಾಗಿಯೇ ಮನೆಯವರ ಫೋನಿಗೆ ಕರೆ ಮಾಡಬೇಕಿತ್ತು. ಬಂಡವಾಳ ಹಾಕುವವರ ಮುಂದೆ ಕಂಪನಿಯ ಯಜಮಾನ ಮಾತಾಡುತ್ತ ಮಾತಾಡುತ್ತ ವೇದಿಕೆಯ ಮೇಲೆ ದೊಪ್ಪನೆ ಬೀಳುತ್ತಿದ್ದ. ಕೂಡಲೇ ಮೇಜಿನ ಮೇಲಿದ್ದ ಫೋನು ಹೊಡೆದುಕೊಳ್ಳುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಫೋನು ಮಾಡುತ್ತಿದ್ದವರು ಹಿಂದಿನ ಸಾಲಿನಲ್ಲಿ ಕೂತ ನಮ್ಮ ಅತ್ತಿಗೆ. ಬ್ಯಾಂಡಿನೊಳಗೆ ಒಂದು ಹಸಿರು ದೀಪ ಬಿಟ್ಟರೆ ಮತ್ತೇನೂ ಇರಲಿಲ್ಲ.

ಆಫೀಸಿನಲ್ಲಿ ಬೀಳುವುದಕ್ಕೆಂದೇ ಒಂದು ಹಾಸಿಗೆಯಿತ್ತು. ಯಜಮಾನ ಬೆಳಿಗ್ಗೆ ಬಂದವನೇ ಬಿದ್ದು ಅಭ್ಯಾಸ ಮಾಡುತ್ತಿದ್ದ. ಎಡಕ್ಕೆ ಬಿದ್ದರೆ ನೋಡುವವರಿಗೆ ಮರುಕ ಹೆಚ್ಚೋ ಬಲಕ್ಕೋ ಎಂದು ಮೀಟಿಂಗ್ ಬೇರೆ. ಬ್ಯಾಂಡ್ ಮಾಡಬೇಕಿದ್ದ ಇಂಜಿನಿಯರು ಸ್ಲೈಡುಗಳಿಗೆ ಬಣ್ಣ ಹಚ್ಚುತ್ತ ಕೂತಿರುತ್ತಿದ್ದ. "ಮೊದ್ಲು ದುಡ್ಡು ಬರ್ಲಿ, ಮಾಡೋದು ಇದ್ದೇ ಇದೆ" ಎನ್ನುತ್ತಿದ್ದ ಯಜಮಾನ. ಅತ್ತಿಗೆ ಅದನ್ನು ನಂಬಿದ್ದರು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಂಡಿದ್ದ ಅವರಿಗೆ ಕೂತು ಮಾಡುವ ಕೆಲಸ ಸಿಕ್ಕಿದ್ದೇ ಹೆಚ್ಚಾಗಿತ್ತು.

ಮನೆಯಲ್ಲಿ ಅಪ್ಪನ ಮೊಣಕಾಲುಗಳು ಕೈಕೊಟ್ಟಿದ್ದವು. ಯಾರಾದರೊಬ್ಬರು ಸದಾ ಜೊತೆಗಿರಬೇಕಿತ್ತು. ಕಂಪನಿಯ ವಿಡಿಯೋ ನೋಡಿದ ಮೇಲೆ ಅಪ್ಪ ಬ್ಯಾಂಡ್ ಬೇಕೆಂದು ಮಗುವಿನ ಹಾಗೆ ಹಟ ಹಿಡಿದರು. ಅತ್ತಿಗೆ ಮನಸ್ಸು ತಡೆಯದೆ ಒಂದನ್ನು ತಂದರು.

"ಇದಿನ್ನೂ ಪೂರ್ತಿ ಆಗಿಲ್ಲ ಮಾವ."

"ದೀಪ ಉರೀತಾ ಇದೆಯಲ್ಲಮ್ಮ!"

ಅತ್ತಿಗೆ ಇನ್ನೊಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ಅಪ್ಪ ಅದನ್ನು ಕಟ್ಟಿಕೊಂಡು ಬೀದಿಗೆಲ್ಲ ತೋರಿಸಿ ಬಂದರು. "ನನ್ನ ಕಾಯ್ಕೊಂಡು ಯಾರೂ ಕೂರ್ಬೇಡಿ, ನನ್ ಸೊಸೆ ಕಂಪನೀದು ಇದೆ" ಎಂದು ನಮ್ಮನ್ನೆಲ್ಲ ಹೊರಗೆ ಅಟ್ಟಿದರು. ಪಾಪ, ಎಷ್ಟು ಹೆಮ್ಮೆ ಅವರಿಗೆ!

ಒಂದು ಮಧ್ಯಾಹ್ನ ಅಪ್ಪ ಬಚ್ಚಲಲ್ಲಿ ಜಾರಿದರು. ಯಜಮಾನ ಬೇರೆಲ್ಲೋ ಬೀಳುವುದಿತ್ತು, ಅತ್ತಿಗೆ ಅಲ್ಲಿಗೆ ಹೋಗಿದ್ದರು. ಗೋಡೆಯಾಚೆ ಪಕ್ಕದ ಮನೆಯ ಟೈಲರು ಹೊಲಿಯುತ್ತ ಕೂತಿದ್ದರು. ಒಂದು ಸಲ ಕೂಗಿದ್ದರೆ ಓಡಿ ಬರುತ್ತಿದ್ದರು. ಸಂಜೆ ಅತ್ತಿಗೆ ಬಂದು ಬಾಗಿಲು ತೆರೆದಾಗ ಅಪ್ಪ ಒದ್ದೆ ನೆಲದಲ್ಲಿ ಸೊಂಟ ಅಲ್ಲಾಡಿಸಲಾಗದೆ ಬಿದ್ದಿದ್ದರು. ಚಳಿಗೆ ತುಟಿ ನೀಲಿಯಾಗಿತ್ತು.

"ಒಂದ್ಸಲ ಕೂಗ್ಬಾರ್ದಿತ್ತಾ ಮಾವ? ಪಕ್ಕದಲ್ಲೇ ಟೈಲರ್ ಇದ್ರಲ್ಲ!" ಅತ್ತಿಗೆ ಅಳುತ್ತಿದ್ದರು.

"ಅವರಿಗ್ಯಾಕೆ ತೊಂದ್ರೆ? ನಿನಗೆ ಫೋನ್ ಬಂದಿರುತ್ತೆ, ದಾರೀಲಿ ಇರ್ತೀಯ ಅಂದ್ಕೊಂಡೆ," ಎಂದರು ಅಪ್ಪ. "ಟ್ರಾಫಿಕ್ ಜಾಸ್ತಿ ಇತ್ತೇನಮ್ಮ?"