ಶಾರದಾಳ ಇಸಿಜಿ

ಶಾರದಾ, ನಿನ್ನ ಲಗ್ನ ಮುರಿದವಳು ನಾನು. ಕುಂಡಲಿ ಕೂಡಲಿಲ್ಲ ಅಂತ ನಮ್ಮ ವೈನಿ ಹೇಳಿಕಳಿಸಿದ್ದು ಸುಳ್ಳು — ಆ ಸುಳ್ಳಿನ ಹಿಂದೆ ನಾನಿದ್ದೆ.

ಆಗ ನಾನು ಹೈದರಾಬಾದಿನ ಲ್ಯಾಬಿನಿಂದ ರಜೆಗೆ ಬೀದರಿಗೆ ಬಂದಿದ್ದೆ. ನೀನು ಹಲಬರ್ಗಾದಿಂದ ಬಸ್ಸು ಹತ್ತಿ ಚಿದ್ರಿಯ ನಮ್ಮ ಮನೆಗೆ ಬಂದು, ಭಾಲ್ಕಿಯಲ್ಲಿ ತೆಗೆಸಿದ್ದ ಇಸಿಜಿ ಕಾಗದವನ್ನು ನನ್ನ ಮುಂದೆ ಬಿಚ್ಚಿದೆ. ಅಲಾರಾಂ ಹೊಡೆದಾಗ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದೆಯಂತೆ. "ನೀವು ಹಾರ್ಟ್ ಓದೀರಲ್ರಿ ಅಕ್ಕಾ, ಸ್ವಲ್ಪ ನೋಡ್ರಿ."

ನೋಡಿದೆ. ಹೃದಯದ ಸ್ನಾಯುಕೋಶದ ಪೊರೆಯಲ್ಲಿ ಪುಟ್ಟ ಬಾಗಿಲುಗಳಿರುತ್ತವೆ — ಅಯಾನ್ ಚಾನೆಲ್ ಅಂತೇವೆ. ಪೊಟ್ಯಾಸಿಯಂ ಹೊರಹೋಗುವ ಬಾಗಿಲು ಸರಿಯಾಗಿ ತೆರೆಯದಿದ್ದರೆ ಕೋಶ ಮುಂದಿನ ಬಡಿತಕ್ಕೆ ಸಿದ್ಧವಾಗುವುದು ತಡ. ಅಂಥ ಹೃದಯವನ್ನು ಅಚಾನಕ್ ಬಂದ ಸದ್ದೊಂದು ದಾರಿ ತಪ್ಪಿಸಬಹುದು, ನಿಲ್ಲಿಸಲೂಬಹುದು. ಗಿನಿಪಿಗ್‌ನ ಒಂದೊಂದೇ ಕೋಶಕ್ಕೆ ಗಾಜಿನ ಮೊನೆ ತಾಗಿಸಿ ದಿನವಿಡೀ ಅದನ್ನೇ ಅಳೆಯುತ್ತಿದ್ದವಳು ನಾನು. ನಿನ್ನ ಕಾಗದದಲ್ಲಿ ಅದು ಅಷ್ಟು ಕ್ಲಿಯರ್ ಆಗಿತ್ತು. ಅದಕ್ಕೆ ಆಗಲೇ ಮಾತ್ರೆಗಳೂ ಇದ್ದವು.

ನಾನು ಹೇಳಿದ್ದು — "ಏನಿಲ್ಲವ್ವ, ವೀಕ್ನೆಸ್ ಅದ."

ಯಾಕೆಂದರೆ ನಿನಗೆ ಗೊತ್ತುಮಾಡಿದ್ದ ಹುಡುಗ ನಮ್ಮ ಅಣ್ಣ-ವೈನಿಯ ಮಗ. ಅದೇ ಸಂಜೆ, ರೊಟ್ಟಿ ಬಡಿಯುತ್ತಿದ್ದ ವೈನಿಯ ಪಕ್ಕ ಕೂತು ಹೇಳಿದೆ: "ಹುಡುಗಿ ಹಾರ್ಟ್ ಸರಿ ಇಲ್ರಿ. ನಾ ಹೇಳೀನಿ ಅಂತ ಯಾರಿಗೂ ಹೇಳಬ್ಯಾಡ್ರಿ."

ವೈನಿ ಕೈ ನಿಲ್ಲಿಸಲಿಲ್ಲ. "ಇಷ್ಟ್ ವರ್ಷ ಓದಿದ್ದು ಈಗರ ಮನಿಗಿ ಉಪಯೋಗ ಆತು ನೋಡು."

ಸಂಬಂಧ ಮುರಿದ ಮೇಲೆ ನೀನು ನನ್ನ ಹೆಗಲಿಗೇ ಬಂದು ಅತ್ತೆ. ಆಗಲಾದರೂ — ಆದರೆ ಕಾಯಿಲೆಯ ಹೆಸರು ಹೇಳಿದ್ದರೆ, ವೈನಿಗೆ ಯಾರು ತಿಳಿಸಿದರೆಂದು ನಿನಗೆ ಹೊಳೆಯುತ್ತಿತ್ತು. ಬೆನ್ನು ಸವರಿದೆ, ಅಷ್ಟೇ. ಲ್ಯಾಬಿಗೆ ಮರಳಿ ಅದೇ ಚಾನೆಲ್ ಮೇಲೆ ಪೇಪರುಗಳನ್ನು ಬರೆದೆ. ನೀನು ಔರಾದಿನಲ್ಲಿ ಹೊಲಿಗೆ ಕಲಿಸುತ್ತ ಒಬ್ಬಳೇ ಉಳಿದೆ. ನಾನೂ ಒಬ್ಬಳೇ — ಆದರೆ ನನ್ನ ಒಂಟಿತನವನ್ನು ಆರಿಸಿಕೊಂಡವಳು ನಾನು, ನಿನ್ನದನ್ನೂ ನಾನೇ.

ರಿಟೈರ್ ಆಗಿ ಚಿದ್ರಿಗೆ ಬಂದ ಮೇಲೆ ನನಗೆ ಬರುವ ಫೋನು ನಿನ್ನದೊಂದೇ, ಭಾನುವಾರಕ್ಕೊಮ್ಮೆ. ನಿನ್ನೆಯೂ ಬಂತು. ಮೊಬೈಲ್ ಅಲಾರಾಂ ಹೊಡೆದದ್ದೇ ತಡ, ನಿನ್ನ ತಮ್ಮನ ಮೊಮ್ಮಗಳು ಬಿದ್ದಳಂತೆ. "ನನ್ನಂಗೇರಿ ಅಕ್ಕಾ. ಏನಿಲ್ಲ ಅಂತ ಆವಾಗ ನೀವ ಹೇಳಿದ್ರಿ, ಅದಕ್ಕ ನಾವು ಹೆದರಿಲ್ಲ."

ನಾಳೆಯೇ ಮಗುವನ್ನು ಕರೆದುಕೊಂಡು ಬೀದರಿನ ಹಾರ್ಟ್ ಡಾಕ್ಟರ ಬಳಿ ಬಾ, ಅಲಾರಾಂ ಎಲ್ಲ ಬಂದ್ ಮಾಡಿಸು ಅಂದೆ. ಯಾಕ್ರಿ ಅಂತ ನೀನು ಕೇಳಿದೆ. ನಾನು ಫೋನು ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ. ಇವತ್ತು ಆಸ್ಪತ್ರೆಯ ಬಾಗಿಲಲ್ಲೇ ನಿನ್ನ ಕೈಗೆ ಕೊಡುತ್ತೇನೆ.

ನಿನ್ನದೂ ಇಸಿಜಿ ತೆಗೆಸು, ನಿನ್ನ ತಮ್ಮನದೂ. ಇದು ರಕ್ತದಲ್ಲಿ ಇಳಿದು ಬರುತ್ತದೆ. ಓದಿದ ಮೇಲೆ ಫೋನು ಮಾಡುವುದು ಬೇಡ ಅನ್ನಿಸಿದರೆ ಮಾಡಬೇಡ. ಆದರೆ ಡಾಕ್ಟರ ಮುಂದೆ ಮಾತ್ರ ನನ್ನನ್ನು ನಿಲ್ಲಗೊಡು. ಮನೆಯಲ್ಲಿ ಮೊದಲು ಯಾರಿಗೆ ಹೀಗಾಗಿತ್ತು, ಗೊತ್ತಾದದ್ದು ಯಾವಾಗ ಎಂದು ಅವರು ಕೇಳುತ್ತಾರೆ. ಅದಕ್ಕೆ ಉತ್ತರ ಗೊತ್ತಿರುವವಳು ನಾನೊಬ್ಬಳೇ.