ವಾಸನೆ ಹುಡುಕಿ ನಡೆದವಳು

ಭಾನುವಾರ ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷಕ್ಕೆ ವೆಂಕಟಲಕ್ಷ್ಮಿ ಹೊಸೂರಿನ ಮೂಕಂಡಪಲ್ಲಿಯ ಪಾರ್ಕಿನಲ್ಲಿ, ಸಂಪಿಗೆ ಮರದ ಕೆಳಗೆ, ಬಿದ್ದ ಹೂವೊಂದನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಹೂ ತಣ್ಣಗಿತ್ತು, ನುಣುಪಾಗಿತ್ತು. ಅಷ್ಟೇ.

ಕಲ್ಲುಬೆಂಚಿನ ಮೇಲೆ ಕೂತಿದ್ದ ಗಂಡ ದಾಸಪ್ಪ ಕೇಳಿದ, “ಏನಾದ್ರೂ?”

“ಏನೂ ಇಲ್ಲ ಬಾವ.”

ಸೋದರತ್ತೆಯ ಮಗನನ್ನೇ ಮದುವೆಯಾದವಳು. ಮಕ್ಕಳ ಮದುವೆಯೂ ಆಗಿದೆ, ‘ಬಾವ’ ಎಂಬ ಕರೆ ಮಾತ್ರ ಬದಲಾಗಿಲ್ಲ.

ಆಕೆ ಕದಂಬ ಕಟ್ಟುವವಳು. ಮಲ್ಲಿಗೆ, ಮರುಗ, ದವನ, ಕನಕಾಂಬರ ಸೇರಿಸಿ ಕಟ್ಟುವ ಆ ಮಾಲೆಗೆ ಬಣ್ಣಕ್ಕಿಂತ ವಾಸನೆ ಮುಖ್ಯ. ದವನ ಎಷ್ಟು, ಮರುಗ ಎಷ್ಟು ಎಂಬುದನ್ನು ಆಕೆ ಮೂಗಿನಿಂದಲೇ ತೀರ್ಮಾನಿಸುತ್ತಿದ್ದಳು. ಹೋದ ಮಳೆಗಾಲದಲ್ಲಿ ಬಂದ ಜ್ವರ ಒಂದೇ ವಾರಕ್ಕೆ ಬಿಟ್ಟಿತು, ಆದರೆ ವಾಸನೆಯನ್ನು ಜೊತೆಗೆ ಕೊಂಡೊಯ್ದಿತು. ಗಂಡನೊಬ್ಬನನ್ನು ಬಿಟ್ಟು ಯಾರಿಗೂ ಹೇಳದೆ ಆಕೆ ಕೈಯ ಅಭ್ಯಾಸದ ಮೇಲೆ ಕಟ್ಟುತ್ತ ಹೋದಳು. ಹೊಸೂರಿನ ಹೂವಿನಂಗಡಿಯ ಬಚ್ಚಪ್ಪ ಒಂದು ದಿನ ಆಕೆ ತಂದ ಮಾಲೆಯನ್ನು ಎತ್ತಿ ಹಿಡಿದ.

“ಅಕ್ಕಾ, ದೇವ್ರ ಮೇಲೆ ಏನಾದ್ರೂ ಸಿಟ್ಟಾ ನಿಂಗೆ? ದವನ ಅಂತ ಪಾರ್ಥೇನಿಯಂ ಕಟ್ಟಿದ್ದೀಯಲ್ಲ.”

ದವನದ ಕಟ್ಟಿನೊಳಗೆ ಎಳೆಯ ಕಳೆಗಿಡ ಸೇರಿಹೋಗಿತ್ತು. ಎರಡರ ಎಲೆಯೂ ಸೀಳು ಸೀಳು. ಮಬ್ಬು ಬೆಳಕಿನಲ್ಲಿ ಕಣ್ಣಿಗೆ ಮೋಸವಾಗುತ್ತದೆ, ಮೂಗಿಗೆ ಆಗುವುದಿಲ್ಲ. ವೆಂಕಟಲಕ್ಷ್ಮಿ ಅವತ್ತೇ ಬಚ್ಚಪ್ಪನಿಗೆ ನಿಜ ಹೇಳಿ ಕದಂಬ ಬಿಟ್ಟಳು. ವಾಸನೆಯಿಲ್ಲದ ಕನಕಾಂಬರವನ್ನಷ್ಟೇ ಕಟ್ಟತೊಡಗಿದಳು. “ಅದಕ್ಕೂ ಇಲ್ಲ, ನಂಗೂ ಇಲ್ಲ” ಎನ್ನುತ್ತಿದ್ದಳು.

ನರ ಮತ್ತೆ ಚಿಗುರಬಹುದು, ಚಿಗುರದೆಯೂ ಇರಬಹುದು ಎಂದರು ಡಾಕ್ಟರು. ಲವಂಗ, ನಿಂಬೆ, ನೀಲಗಿರಿ ಎಣ್ಣೆಯನ್ನು ದಿನಾ ಎರಡು ಹೊತ್ತು ಮೂಸಬೇಕು. ಮೂಸುವಾಗ ಅದರ ಹಳೆಯ ವಾಸನೆಯನ್ನು ನೆನೆಯಬೇಕು.

“ಬಾಟ್ಲಿಗೆ ಮೂತಿ ಇಟ್ಕಂಡು ಕೂತ್ರೆ ಯಾವ ನೆನಪೂ ಬರಕಿಲ್ಲ ಬಾವ. ಗಿಡ ಇರೋ ಕಡೆ ಹೋಗಾನ.”

ಹಾಗೆ ಭಾನುವಾರದ ತಿರುಗಾಟ ಶುರುವಾಯಿತು. ಪಾರ್ಕಿನ ಸಂಪಿಗೆ, ನರ್ಸರಿಗಳ ಗುಲಾಬಿ ಸಾಲು, ಕೃಷ್ಣಗಿರಿಯ ಹೂ ಬಿಟ್ಟ ಮಾವಿನ ತೋಪು. ಎಲ್ಲವೂ ಗಾಜಿನ ಆಚೆ ಇದ್ದಂತೆ ಕಂಡವು. ತೋಪಿನಲ್ಲಿ ಜೇನ್ನೊಣ ಮೊರೆಯುತ್ತಿದ್ದವು, ಬಿಸಿಲು ಎಲೆಗಳ ನಡುವೆ ಸೋರುತ್ತಿತ್ತು, ಗಾಳಿಯಲ್ಲಿ ಮಾತ್ರ ಏನೂ ಇರಲಿಲ್ಲ. ನಿದ್ದೆಯಲ್ಲಿ ಬೇರೆ ಕಥೆ. ಕನಸಿನೊಳಗೆ ದವನ ಘಮ್ಮೆನ್ನುತ್ತಿತ್ತು. ಕೈಯಲ್ಲಿ ಮಾಲೆ ಉದ್ದವಾಗುತ್ತ, ಹೊಸಿಲು ದಾಟಿ, ಬೀದಿ ದಾಟಿ ಹೋಗುತ್ತಿತ್ತು. ಎದ್ದ ಕೂಡಲೇ ಆಕೆ ದಿಂಬು ಮೂಸುತ್ತಿದ್ದಳು. “ಕಣ್ ಬಿಟ್ರೆ ಹೋಗ್ಬುಡ್ತದೆ.”

ಆ ಭಾನುವಾರ ಪಾರ್ಕಿನಿಂದ ಹಾಗೇ ಬಸ್ಸು ಹತ್ತಿ ಕೆಲಮಂಗಲದ ಆಚೆಯ ಬಂಡೆಗುಡ್ಡಕ್ಕೆ ಹೋದರು. ಆಡುಗಳ ಕಾಲಿಗೆ ಸವೆದು ಬಿದ್ದ ಸಣ್ಣ ದಾರಿ. ಮಂಜು ಇನ್ನೂ ತೆಳ್ಳಗೆ ಕೂತಿತ್ತು. ಕೆಳಗಿನ ಹೊಲಗಳು ಅದರಲ್ಲಿ ತೇಲಿ ಹೋಗುವಂತಿದ್ದವು. ವೆಂಕಟಲಕ್ಷ್ಮಿ ಹೆಜ್ಜೆಹೆಜ್ಜೆಗೂ ಎಲೆ ಕಿತ್ತು ಹೊಸಕಿ ಮೂಸಿದಳು. ನಾಯಿತುಳಸಿಯ ವಾಸನೆ ಇಲ್ಲ. ಲಂಟಾನದ್ದೂ ಇಲ್ಲ.

“ಗುಡ್ಡಾನೇ ಬೋಳಿಸ್ಬುಟ್ಟೀಯ ಕಣೆ. ಆಡಿಗೂ ವಸಿ ಉಳಿಸು” ಎಂದ ದಾಸಪ್ಪ.

ತಿರುವಿನಲ್ಲಿ ಆಡಿನ ಮಂದೆ ಇಳಿದು ಬಂತು. ದಾರಿ ಕಿರಿದು, ಇಬ್ಬರೂ ಬಂಡೆಗೆ ಒರಗಿ ಜಾಗ ಬಿಟ್ಟರು. ಕೊನೆಗೆ ಗಡ್ಡದ ದೊಡ್ಡ ಹೋತವೊಂದು ಬೆದೆಯ ಮದದಲ್ಲಿ ಇಬ್ಬರ ಮೈಗೂ ಉಜ್ಜಿಕೊಂಡೇ ಹೋಯಿತು. ದಾಸಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ.

ವೆಂಕಟಲಕ್ಷ್ಮಿ ಅಲುಗಾಡಲಿಲ್ಲ. ಮೆಲ್ಲಗೆ ಕೇಳಿದಳು, “ಬಾವ, ನಾನು ಎದ್ದಿದ್ದೀನಾ?”

“ಎದ್ದಿರದೆ ಗುಡ್ಡ ಹತ್ತಿದ್ದು ಯಾರು?”

“ಗಬ್ಬು ನಾತ ಹೊಡೀತಾ ಐತಾ?”

“ಹೋತ ಅಂದ್ಮೇಲೆ ಮಲ್ಲಿಗೆ ಘಮಲು ಬತ್ತದಾ?”

“ನಂಗೂ ಬತ್ತಾ ಐತೆ.”

ದಾಸಪ್ಪ ಟವೆಲ್ಲು ಇಳಿಸಿದ. ಆಕೆ ಆಗಲೇ ಹೋತದ ಹಿಂದೆ ಇಳಿಯುತ್ತಿದ್ದಳು, ಮುಖ ಮುಂದೆ ಚಾಚಿ, ನಿದ್ದೆಯಲ್ಲಿ ನಡೆಯುವವರ ಹಾಗೆ. ಅವನೂ ಹಿಂದೆಯೇ ಹೊರಟ.

ಮರುದಿನ ಬೆಳಿಗ್ಗೆ ಆಕೆ ಬಚ್ಚಪ್ಪನ ಅಂಗಡಿಯಲ್ಲಿ ದವನದ ಕಟ್ಟೊಂದನ್ನು ಬಿಚ್ಚಿ, ಮುಖಕ್ಕೆ ಹಿಡಿದು, ಬಹಳ ಹೊತ್ತು ಹಾಗೇ ಇದ್ದಳು. ಗಿರಾಕಿಗಳು ಸುತ್ತು ಹಾಕಿಕೊಂಡು ಹೋದರು.

“ಬತ್ತದಾ ಅಕ್ಕ?” ಎಂದ ಬಚ್ಚಪ್ಪ.

“ವಸಿ ವಸಿ. ದೂರದಲ್ಲಿ ಯಾರೋ ಕರೆದಂಗೆ.”

“ವಸಿ ಅಂದ್ರೆ ಲೆಕ್ಕ ಹೆಂಗೆ? ಮದ್ಲು ಪೂರಾ ಹದಿನಾರಾಣೆ ಇತ್ತು ಅಂತ ಇಟ್ಕೋ. ಈಗ ಎಷ್ಟು?”

ಆಕೆ ಮತ್ತೊಮ್ಮೆ ಮೂಸಿದಳು. ಕಟ್ಟಿನಿಂದ ಒಂದು ಎಳೆಯ ಕಳೆಕಡ್ಡಿಯನ್ನು ಎಳೆದು, ಮೂಸಿ, ಹೊರಗೆಸೆದಳು. ಉಳಿದದ್ದನ್ನು ಮಡಿಲಿಗೆ ಹಾಕಿಕೊಂಡು, ಕದಂಬಕ್ಕೆ ಬೇಕಾದ ನಾರು ಹಿಸಿಯುತ್ತ ಹೇಳಿದಳು:

“ಎರಡಾಣೆ.”